ಕ್ರೇನ್ ಲಿಫ್ಟ್‌ಗಳನ್ನು ಹೇಗೆ ವಿಂಗಡಿಸುತ್ತೀರಿ? 5 ಟನ್ ಒಳಗಿದ್ದರೆ ಎಲ್ಲವೂ ಮಾಮೂಲಿಯಾ?

ಬಿಜೈ_ಸೈಟ್:
ಬಿಜೈ ಹತ್ತಿರ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಸೇಫ್ಟಿ ನೋಡಿಕೊಳ್ಳುತ್ತಿದ್ದೇನೆ. ಕ್ರೇನ್ ಕೆಲಸಗಳನ್ನೆಲ್ಲ ಮಾಮೂಲಿ, ಕ್ರಿಟಿಕಲ್ (ಹೆಚ್ಚು ಅಪಾಯದ್ದು) ಅಂತ ವಿಂಗಡಿಸಿ ಕೊಡಬೇಕು. ಕ್ರೇನ್ ಬಾಡಿಗೆಯವರು "5 ಟನ್ ಒಳಗಿದ್ದರೆ ಮಾಮೂಲಿ, ಅದಕ್ಕಿಂತ ಜಾಸ್ತಿ ಇದ್ದರೆ ಕ್ರಿಟಿಕಲ್" ಅನ್ನುತ್ತಾರೆ. ನನಗೆ ಯಾಕೋ ಸಮಾಧಾನ ಇಲ್ಲ. ಮುಂದೆ ಬರುವ ಕೆಲಸ ಇಷ್ಟು: ಹೈಡ್ರಾದಲ್ಲಿ (ಭಾರ ಹಿಡಿದುಕೊಂಡೇ ಓಡಾಡುವ ಚಿಕ್ಕ ಕ್ರೇನ್) ಕಂಬಿ ಕಟ್ಟು ಇಳಿಸುವುದು, ತಾರಸಿಗೆ ಖಾಲಿ ನೀರಿನ ಟ್ಯಾಂಕ್ ಏರಿಸುವುದು, ಮೊಬೈಲ್ ಕ್ರೇನಿನಲ್ಲಿ 6.3 ಟನ್ ಜನರೇಟರನ್ನು ಕಾಂಪೌಂಡ್ ಗೋಡೆ ದಾಟಿಸಿ ಹಿಂದೆ ಇಡುವುದು. ಗೇಟಿನ ಪಕ್ಕ 11 ಕೆವಿ ಲೈನ್ ಉಂಟು.

ಮಣಿಪಾಲ_ಸಿವಿಲ್:
ಅಮೆರಿಕದ ಓಶಾ (ಕೆಲಸದ ಜಾಗದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ನಿಯಮಗಳಲ್ಲಿ, ಸ್ಟೀಲ್ ಎರೆಕ್ಷನ್ (ಉಕ್ಕಿನ ಚೌಕಟ್ಟು ನಿಲ್ಲಿಸುವ) ಭಾಗದಲ್ಲಿ, ಕ್ರೇನಿನ ಸಾಮರ್ಥ್ಯದ 75% ದಾಟಿದರೆ ಅಥವಾ ಒಂದಕ್ಕಿಂತ ಹೆಚ್ಚು ಕ್ರೇನ್ ಬೇಕಾದರೆ ಅದು ಕ್ರಿಟಿಕಲ್ ಲಿಫ್ಟ್. ಇಲ್ಲಿನ ದೊಡ್ಡ ಪ್ರಾಜೆಕ್ಟುಗಳಲ್ಲೂ ಇದನ್ನೇ ಹಿಡಿದುಕೊಂಡವರು ಇದ್ದಾರೆ.

ಬಿಜೈ_ಸೈಟ್:
ಥ್ಯಾಂಕ್ಸ್. ಹಾಗಾದರೆ ಜನರೇಟರ್ ಮಾಮೂಲಿ ಆಯಿತಲ್ವಾ? 12 ಮೀಟರ್ ರೇಡಿಯಸ್‌ಗೆ (ಕ್ರೇನಿನಿಂದ ಭಾರಕ್ಕಿರುವ ದೂರ) ಲೋಡ್ ಚಾರ್ಟ್ (ಯಾವ ದೂರಕ್ಕೆ ಎಷ್ಟು ಎತ್ತಬಹುದು ಅನ್ನುವ ಪಟ್ಟಿ) 9 ಟನ್ ತೋರಿಸುತ್ತದೆ. 6.3 ಅಂದರೆ 70%.

ಸುರತ್ಕಲ್_ರಿಗ್ಗರ್:
ಆಗಲಿಲ್ಲ ಮಾರಾಯ್ರೆ. ಆ 9 ಟನ್ನಿನಲ್ಲಿ ಹುಕ್ ಬ್ಲಾಕ್ (ಕೊಕ್ಕೆಯ ಭಾಗ), ಸ್ಲಿಂಗ್ (ಭಾರ ಕಟ್ಟುವ ಹಗ್ಗ), ಶ್ಯಾಕಲ್ (ಜೋಡಿಸುವ ಕೊಂಡಿ) ಎಲ್ಲ ಸೇರುತ್ತದೆ. ಹುಕ್ ಬ್ಲಾಕ್ 400 ಕಿಲೋ, ಉಳಿದದ್ದು 200 ಕಿಲೋ ಅಂತ ಇಟ್ಟುಕೊಳ್ಳಿ. ಒಟ್ಟು 6.9 ಟನ್, ಅಂದರೆ 77%. ಅಲ್ಲಿಗೇ ಕ್ರಿಟಿಕಲ್. ಇನ್ನೊಂದು ವಿಷಯ, 12 ಮೀಟರ್ ಅಳೆದದ್ದು ಎಲ್ಲಿಂದ ಎಲ್ಲಿಗೆ? ಕ್ರೇನ್ ತಿರುಗುವ ನಡುಮಧ್ಯದಿಂದ ಜನರೇಟರ್ ಕೊನೆಗೆ ಕೂರುವ ಜಾಗದವರೆಗೆ ಅಳೆಯಬೇಕು. ಲಾರಿಯಿಂದ ಎತ್ತುವಾಗಿನ ದೂರವನ್ನೂ ಅಳೆಯಿರಿ, ಯಾವುದು ಜಾಸ್ತಿಯೋ ಅದೇ ಲೆಕ್ಕ. ಗೋಡೆ ದಾಟಿಸಿ ಇಡುವಾಗ 14 ಮೀಟರ್ ಆಗಿ, ಚಾರ್ಟ್ ಅಲ್ಲಿ 7.2 ಟನ್ ಅಂದರೆ, ನೀವು 96%ದಲ್ಲಿ ಇದ್ದೀರಿ. ಭಾರಕ್ಕೆ ಬೂಮ್ (ಕ್ರೇನಿನ ಉದ್ದ ತೋಳು) ಬಾಗಿ ರೇಡಿಯಸ್ ಇನ್ನೂ ಸ್ವಲ್ಪ ಬೆಳೆಯುತ್ತದೆ. ಆ ಕ್ರೇನ್ ಬೇಡ, ದೊಡ್ಡದು ತರಿಸಿ ಅನ್ನುತ್ತೇನೆ ನಾನು.

ಗಲ್ಫಿನಲ್ಲಿ ರಿಫೈನರಿ ಶಟ್‌ಡೌನ್‌ಗಳಲ್ಲಿ ರಿಗ್ಗಿಂಗ್ (ಭಾರ ಕಟ್ಟಿ ಎತ್ತಿಸುವ ಕೆಲಸ) ಮಾಡಿ ಬಂದವನು ನಾನು. ಪರ್ಸೆಂಟೇಜ್ ಲೆಕ್ಕ ಬೇಕೇ ಬೇಕು. ಆದರೆ ಅದರ ಜೊತೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಬಿದ್ದರೆ ಯಾರ ಮೇಲೆ ಬೀಳುತ್ತದೆ? ರಸ್ತೆಯ ಮೇಲೆ, ಪಕ್ಕದ ಮನೆಯ ಮೇಲೆ ಹಾದು ಹೋಗುವುದಿದ್ದರೆ 500 ಕಿಲೋ ಕೂಡ ಕ್ರಿಟಿಕಲ್. ಆಪರೇಟರಿಗೆ ಲೋಡ್ ಕಾಣದೆ ವಾಕಿಟಾಕಿಯಲ್ಲೇ ನಡೆಸುವುದಿದ್ದರೆ ಕ್ರಿಟಿಕಲ್. ಬಾಸ್ಕೆಟ್‌ನಲ್ಲಿ ಮನುಷ್ಯರನ್ನು ಏರಿಸುವುದಂತೂ ಯಾವತ್ತೂ ಕ್ರಿಟಿಕಲ್. ಬೂಮ್ ಪೂರ್ತಿ ಚಾಚಿದಾಗ ಕರೆಂಟ್ ಲೈನಿನ 6 ಮೀಟರ್ ಒಳಗೆ ಬರುವ ಸಾಧ್ಯತೆ ಇದ್ದರೂ ಅಷ್ಟೇ.

ನಿಮ್ಮ ನೀರಿನ ಟ್ಯಾಂಕನ್ನು ನಾನು ಮಾಮೂಲಿಗೆ ಹಾಕುವುದಿಲ್ಲ. ಖಾಲಿ ಟ್ಯಾಂಕ್ ಹಗುರ, ಆದರೆ ಮೈ ದೊಡ್ಡದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮಧ್ಯಾಹ್ನದ ಮೇಲೆ ನಮ್ಮಲ್ಲಿ ಕಡಲಿನ ಗಾಳಿ ಜೋರಾಗುತ್ತದಲ್ಲ, ಬೆಳಿಗ್ಗೆಯೇ ಮುಗಿಸಿ. ಎರಡು ಟ್ಯಾಗ್ ಲೈನ್ (ಭಾರ ತಿರುಗದಂತೆ ಕೆಳಗಿನಿಂದ ಹಿಡಿಯುವ ಹಗ್ಗ) ಕಟ್ಟಿ.

ಬಿಜೈ_ಸೈಟ್:
ಕಂಬಿ ಇಳಿಸುವುದು? ಅದು ದಿನಾ ನಡೆಯುವ ಕೆಲಸ.

ಸುರತ್ಕಲ್_ರಿಗ್ಗರ್:
ಮಾಮೂಲಿ ಅಂತ ಬರೆಯಬಹುದು. ಆದರೆ ಷರತ್ತು ಬರೆದಿಡಿ: ಅದೇ ಹೈಡ್ರಾ, ಅದೇ ಜಾಗ, ಅದೇ ತೂಕದ ಕಟ್ಟು, ಗಟ್ಟಿಯಾದ ಸಮತಟ್ಟು ನೆಲ. ಇದರಲ್ಲಿ ಒಂದು ಬದಲಾದರೂ ಕೆಲಸ ನಿಲ್ಲಿಸಿ ಹೊಸದಾಗಿ ವಿಂಗಡಿಸಬೇಕು. ಹೈಡ್ರಾ ಲೋಡ್ ಹಿಡಿದು ಇಳಿಜಾರಿನಲ್ಲಿ ನಡು ಮುರಿದು (ನಡುವಿನ ಕೀಲಿನಲ್ಲಿ ಬಾಗಿ) ತಿರುಗಿದರೆ ಮಗುಚುವ ಅಪಾಯ ಇದೆ. 12 ಮೀಟರ್ ಕಂಬಿಯನ್ನು ಕೈಯಲ್ಲಿ ಹಿಡಿದುಕೊಂಡು ಹೈಡ್ರಾದ ಮುಂದೆ ನಡೆಯುವ ಹುಡುಗರನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅವರ ಮನೆಯವರು ಬಿಹಾರದಲ್ಲೋ ಒಡಿಶಾದಲ್ಲೋ ಫೋನ್ ಕಾಯುತ್ತಿರುತ್ತಾರೆ. ಹಗ್ಗ ಕೊಡಿ, ದೂರ ನಿಲ್ಲಿಸಿ.

ಕಾಪು_ಎಂಜಿನಿಯರ್:
ನೆಲದ ವಿಷಯಕ್ಕೆ ಒಂದು ಮಾತು. ಮಂಗಳೂರಲ್ಲಿ ಹಳೆಯ ಹೆಂಚಿನ ಮನೆ ಕೆಡವಿದ ಜಾಗದಲ್ಲೇ ಅಪಾರ್ಟ್‌ಮೆಂಟ್ ಏಳುವುದು ಜಾಸ್ತಿ. ಅಂಥ ಕಾಂಪೌಂಡಿನಲ್ಲಿ ಬಾವಿ, ಶೌಚದ ಗುಂಡಿ ಇದ್ದೇ ಇರುತ್ತದೆ. ಮುಚ್ಚಿ ಮೇಲೆ ಕೆಂಪುಮಣ್ಣು ಹರಡಿದರೆ ಗೊತ್ತೇ ಆಗುವುದಿಲ್ಲ. ಔಟ್‌ರಿಗ್ಗರ್ (ಕ್ರೇನ್ ಮಗುಚದಂತೆ ಬದಿಗೆ ಚಾಚುವ ಕಾಲು) ಇಡುವ ಮೊದಲು ಹಳೆಯ ಮನೆಯವರನ್ನೋ ನೆರೆಯವರನ್ನೋ ಕೇಳಿ. ಗುಡ್ಡ ಕಡಿದು ತಗ್ಗಿಗೆ ತುಂಬಿಸಿದ ಬದಿಯಲ್ಲಿ, ತಡೆಗೋಡೆಯ ಅಂಚಿನಲ್ಲಿ, ಮಳೆಗಾಲದಲ್ಲಿ ಕ್ರೇನ್ ನಿಲ್ಲಿಸುವುದಿದ್ದರೆ ನಾನು ತೂಕ ನೋಡದೆ ಕ್ರಿಟಿಕಲ್ ಅಂತ ಬರೆಯುತ್ತೇನೆ.

ಬಿಜೈ_ಸೈಟ್:
ಬಾವಿ ಇತ್ತು, ನಿಜ. ನಾಳೆಯೇ ಗುರುತು ಮಾಡಿಸುತ್ತೇನೆ. ಎಲ್ಲವನ್ನೂ ಕ್ರಿಟಿಕಲ್ ಅಂತಲೇ ಬರೆದುಬಿಟ್ಟರೆ ಸುರಕ್ಷಿತ ಅಲ್ವಾ?

ಸುರತ್ಕಲ್_ರಿಗ್ಗರ್:
ಬೇಡ. ಆಗ ಸುಮ್ನೆ ಸಹಿ ಹಾಕುವ ಕಾಗದ ಆಗಿಬಿಡುತ್ತದೆ. ನಡುವೆ ಇನ್ನೊಂದು ವರ್ಗ ಇಡಿ. ಕ್ರೇನ್ ಸುರಕ್ಷಿತವಾಗಿ ಬಳಸುವ ಬಗ್ಗೆ ಬ್ರಿಟಿಷರ ಬಿಎಸ್ 7121 ಕೋಡಿನಲ್ಲೂ ಬೇಸಿಕ್, ಇಂಟರ್‌ಮೀಡಿಯೆಟ್, ಕಾಂಪ್ಲೆಕ್ಸ್ ಅಂತ ಮೂರು ಮಾಡಿದ್ದರು. ಮಾಮೂಲಿಗೆ ಎಲ್ಲದಕ್ಕೂ ಸೇರಿ ಒಂದೇ ಪ್ಲಾನ್ ಸಾಕು. ನಡುವಿನದಕ್ಕೆ, ನಿಮ್ಮ ಟ್ಯಾಂಕಿನ ಹಾಗಿನದಕ್ಕೆ, ಆ ದಿನದ್ದೇ ಒಂದು ಪುಟದ ಪ್ಲಾನ್. ಕ್ರಿಟಿಕಲ್‌ಗೆ ಡ್ರಾಯಿಂಗ್, ಚಾರ್ಟಿನ ಪ್ರತಿ, ನೆಲದ ಲೆಕ್ಕ, ಸ್ಲಿಂಗ್ ಕೋನ ಎಲ್ಲ ಬೇಕು. ಎರಡು ಕಾಲಿನ ಸ್ಲಿಂಗ್ ನೆಲದ ಮಟ್ಟಕ್ಕೆ 60 ಡಿಗ್ರಿ ಇದ್ದರೆ ಒಂದೊಂದು ಕಾಲಿಗೆ ಭಾರದ 58% ಬರುತ್ತದೆ. 30 ಡಿಗ್ರಿಗೆ ಇಳಿದರೆ ಒಂದೊಂದರ ಮೇಲೂ ಪೂರ್ತಿ ಭಾರ.

ಟ್ಯಾಂಕ್ ಏರಿಸುವಾಗ ಕ್ರೇನನ್ನು ಗೇಟಿನ ಹತ್ತಿರ ನಿಲ್ಲಿಸಿದರೆ ಅದೂ ಕ್ರಿಟಿಕಲ್‌ಗೆ ಹೋಗುತ್ತದೆ, ನೆನಪಿರಲಿ. ಲೈನ್ ಆಫ್ ಮಾಡಿಸಲು ಮೆಸ್ಕಾಂಗೆ ಈಗಲೇ ಬರೆದು ಕೊಡಿ. ಕ್ರೇನ್ ಬಂದು ನಿಂತ ಮೇಲೆ ಯಾರೂ ಕಾಯಲು ಒಪ್ಪುವುದಿಲ್ಲ.