ಮೂರು ಕಡೆ ‘ಸಾಮರ್ಥ್ಯ’ ಬರುತ್ತಿದೆ, ದಯವಿಟ್ಟು ನಾಳೆಯೊಳಗೆ ಹೇಳಿ

ಬರ್ಮಿಂಗ್‌ಹ್ಯಾಮ್‌ನಿಂದ:
ಎಲ್ಲರಿಗೂ ನಮಸ್ಕಾರ. ಸಿಗರೇಟು ಬಿಡಿಸುವ ಇಲ್ಲಿನ ಸೇವೆಯೊಂದು ವೇಪ್ (ಇ-ಸಿಗರೇಟು) ಕಿಟ್ ಜೊತೆ ಕೊಡುವ ಕರಪತ್ರವನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ವ್ಯಾಟ್‌ನಲ್ಲಿ ಅಳೆಯುವ ಪವರ್, ಪಠ್ಯಪುಸ್ತಕದ ಪ್ರಕಾರ ‘ಸಾಮರ್ಥ್ಯ’. ಟ್ಯಾಂಕ್ 2 ಮಿ.ಲೀ. ಹಿಡಿಯುತ್ತದೆ (ಇಲ್ಲಿನ ಕಾನೂನಿನ ಮಿತಿ ಅಷ್ಟೇ), ಅದೂ ‘ಸಾಮರ್ಥ್ಯ’. ಬ್ಯಾಟರಿಯದೂ ಅದೇ. ಸದ್ಯ ವಾಕ್ಯ ಹೀಗಿದೆ: “ಸುರುಳಿಯ ರೋಧಕ್ಕೆ ಅನುಗುಣವಾದ ಸಾಮರ್ಥ್ಯವನ್ನು ಆಯ್ದುಕೊಳ್ಳಿ.” (ಸುರುಳಿ ಎಂದರೆ ಟ್ಯಾಂಕಿನಲ್ಲಿ ತುಂಬಿದ್ದನ್ನು ಕಾಯಿಸಿ ಆವಿ ಮಾಡುವ ತಂತಿ, ಕಾಯಿಲ್; ರೋಧ ಎಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು.) ಇದನ್ನು ಓದಿದವರು ದೊಡ್ಡ ಟ್ಯಾಂಕ್ ಹುಡುಕಿಕೊಂಡು ಹೋದಾರು.

ಮೈಸೂರಿನಿಂದ:
ಸುರುಳಿ, ರೋಧ, ಸಾಮರ್ಥ್ಯ ಮೂರೂ ಸರಿಯಾಗಿಯೇ ಇವೆ. ಟ್ಯಾಂಕಿನದಕ್ಕೆ ‘ಧಾರಣಶಕ್ತಿ’ ಎನ್ನಿ. ಪಾರಿಭಾಷಿಕ ಪದ ಓದುಗರ ಅನುಕೂಲಕ್ಕೆ ಬಾಗಬಾರದು.

ಬೆಂಗಳೂರಿನಿಂದ:
ಧಾರಣಶಕ್ತಿ! ಓದುವವರು ಸಿಗರೇಟು ಬಿಡಬೇಕೋ, ಸಂಸ್ಕೃತ ಕಲಿಯಬೇಕೋ? ಸಾಮರ್ಥ್ಯಕ್ಕೆ ‘ಕಸುವು’, ರೋಧಕ್ಕೆ ‘ತಡೆ’, ಟ್ಯಾಂಕಿಗೆ ‘ತೊಟ್ಟಿ’. “ಸುರುಳಿಯ ತಡೆಗೆ ತಕ್ಕ ಕಸುವು.” ಎಲ್ಲವೂ ನಮ್ಮವೇ.

ಮೈಸೂರಿನಿಂದ:
ತೊಟ್ಟಿಯಲ್ಲಿ ದನ ನೀರು ಕುಡಿಯುತ್ತದೆ ಸ್ವಾಮಿ.

ಮಂಗಳೂರಿನಿಂದ:
ಟ್ಯಾಂಕ್ ಪರಕೀಯವೆಂದು ಯಾರು ಹೇಳಿದ್ದು? ಗುಜರಾತಿ, ಮರಾಠಿಗಳ ‘ಟಾಂಕೆ’ಯೇ ಇಂಗ್ಲಿಷಿಗೆ ಹೋದದ್ದು, ಪೋರ್ಚುಗೀಸಿನ ‘ತಾಂಕೆ’ ಅದರೊಡನೆ ಬೆರೆತಿದೆ. ಮೂಲವೇ ಪೋರ್ಚುಗೀಸು ಎನ್ನುವ ವಾದವೂ ಉಂಟು, ನನಗೆ ಒಪ್ಪಿಗೆಯಿಲ್ಲ. ಹೊರಗೆ ಹೋಗಿ ಕೋಟು ತೊಟ್ಟು ಬಂದ ನೆಂಟನನ್ನು ಬಾಗಿಲಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ಹುಬ್ಬಳ್ಳಿಯಿಂದ:
ನಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಹೊತ್ಕೊಂಡು ಬಂದ ರೈತ ಒಬ್ಬನೂ ‘ಸುರುಳಿ ಕೆಟ್ಟೈತಿ’ ಅಂದಿಲ್ಲ. ‘ಕಾಯಿಲ್ ಸುಟ್ಟೈತಿ’ ಅಂತಾರ. ಅದು ಇರ್ಲಿ, ನಿಮ್ಮ ವಾಕ್ಯನ ತಪ್ಪು ದಾರಿ ಹಿಡಿಸ್ತೈತಿ ಮೇಡಂ. ‘ರೋಧಕ್ಕೆ ಅನುಗುಣ’ ಅಂದ್ರ ರೋಧ ಜಾಸ್ತಿ ಇದ್ರ ವ್ಯಾಟ್ ಜಾಸ್ತಿ ಅಂತ ಓದ್ತಾರ. ಇಲ್ಲಿ ಉಲ್ಟಾ. 3.7 ವೋಲ್ಟಿಗೆ 1.2 ಓಮಿನ ಕಾಯಿಲ್ ಸುಮಾರು 11 ವ್ಯಾಟ್ ಎಳೀತೈತಿ, 0.15 ಓಮಿಂದು 91. ಆ 1.2ರ ಕಾಯಿಲಿಗೆ 40 ವ್ಯಾಟ್ ಕೊಟ್ರಂದ್ರ ಹತ್ತಿ ರಸ ಹೀರ್ಕೊಳ್ಳೋದ್ರಾಗ ಬತ್ತಿ ಒಣಗಿ ಕರಕಾಗ್ತೈತಿ, ಸುಟ್ಟ ವಾಸನಿ ಗಂಟಲಿಗೇ ಬಡೀತೈತಿ. ಕಾಯಿಲ್ ಮ್ಯಾಲ ‘0.8 ಓಮ್, 12–16 ವ್ಯಾಟ್’ ಅಂತ ಏನಾರ ಕೊರೆದಿರ್ತಾರ. ಅದನ್ನ ನೋಡ್ರಿ ಅನ್ನೂದು ಬಿಟ್ಟು ಸೇದೋನಿಗೆ ರೋಧ ಯಾಕ ಬೇಕು?

ಮೈಸೂರಿನಿಂದ:
‘ಅನುಗುಣ’ ಎಂದರೆ ತಕ್ಕಂತೆ ಎಂದು, ಅನುಪಾತವಲ್ಲ. ನಿಘಂಟು ನೋಡಿ.

ಹುಬ್ಬಳ್ಳಿಯಿಂದ:
ಕರಪತ್ರದ ಜೋಡಿ ನಿಘಂಟೂ ಹಂಚ್ತಾರೇನ್ರಿ?

ಶಿವಮೊಗ್ಗದಿಂದ:
2019ರ ಕಾಯ್ದೆ ಬಂದ ಮೇಲೆ ನಮ್ಮ ದೇಶದಲ್ಲಿ ಇ-ಸಿಗರೇಟಿನ ಮಾರಾಟವೇ ನಿಷಿದ್ಧ. ಮಾರಲಾಗದ ವಸ್ತುವಿಗೆ ಪದ ಕಟ್ಟುವ ಚಪಲ ಯಾಕೆ?

ಬೆಂಗಳೂರಿನಿಂದ:
ಕಳ್ಳಮಾಲಿಗೂ ಹೆಸರಿರುತ್ತೆ ಸಾರ್. ಅಲ್ಲದೆ ಅವರು ಕೇಳುತ್ತಿರುವುದು ಬ್ರಿಟನ್ನಿಗೆ. ಪ್ರಶ್ನೆ ಓದಿ. ಕನ್ನಡದಲ್ಲಿ ಪದ ಇಟ್ಟುಕೊಂಡೂ ಕಾಯಿಲ್, ವ್ಯಾಟ್ ಎನ್ನುತ್ತಾ ಹೋದರೆ ಕೊನೆಗೆ ನಮ್ಮದಾಗಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಬರ್ಮಿಂಗ್‌ಹ್ಯಾಮ್‌ನಿಂದ:
ಹುಬ್ಬಳ್ಳಿಯವರಿಗೆ ದೊಡ್ಡ ನಮಸ್ಕಾರ. ವಾಕ್ಯವನ್ನು ಬದಲಿಸಿದೆ: “ಕಾಯಿಲ್ ಮೇಲೆ ಎಷ್ಟರಿಂದ ಎಷ್ಟು ವ್ಯಾಟ್ ಎಂದು ಬರೆದಿದೆಯೋ ಅಷ್ಟರೊಳಗೇ ಇಡಿ. ಮೊದಲು ಕಡಿಮೆಯಿಂದ ಶುರು ಮಾಡಿ. ಹೊಸ ಕಾಯಿಲ್ ಹಾಕಿದಾಗ ಟ್ಯಾಂಕ್ ತುಂಬಿಸಿ, ಬತ್ತಿ ನೆನೆಯುವವರೆಗೆ ಕಾಯಿರಿ. ಸುಟ್ಟ ರುಚಿ ಬಂದರೆ ನಿಲ್ಲಿಸಿ.” ಟ್ಯಾಂಕಿಗೆ “2 ಮಿ.ಲೀ. ಹಿಡಿಯುತ್ತದೆ” ಎಂದಷ್ಟೇ. ‘ಸಾಮರ್ಥ್ಯ’ ಎಲ್ಲೂ ಬೇಕಾಗಲಿಲ್ಲ. ಉಳಿದದ್ದು ಒಂದೇ: ಒಳಗೆ ತುಂಬಿಸುವುದು ರಸವೋ ದ್ರವವೋ?

ಮೈಸೂರಿನಿಂದ:
ದ್ರವ. ‘ರಸ’ ಎಂದು ಅಚ್ಚು ಹಾಕಿಸಿದರೆ ಯಾರಾದರೂ ಕುಡಿದಾರು; ನಿಕೋಟಿನ್ ವಿಷ. ‘ಕಾಯಿಲ್’ಗೆ ನನ್ನ ವಿರೋಧವಿದೆ ಎಂಬುದು ಮಾತ್ರ ದಾಖಲಾಗಿರಲಿ.