ಪಾರ್ಶ್ವವಾಯುವಿನ ನಂತರದ ಕೈ: ಚೆಂಡು ಹಿಸುಕಿದರೆ ಬೆರಳು ಬಿಡಿಸಿಕೊಳ್ಳುತ್ತದೆಯೇ?

ಪ್ರಶ್ನೆ (ಹಾವೇರಿ ಕಡೆಯಿಂದ): ನಮ್ಮ ತಂದೆ ದರ್ಜಿ, 58 ವರ್ಷ. ಏಳು ವಾರಗಳ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ತೋಳನ್ನು ಸ್ವಲ್ಪ ಎತ್ತುತ್ತಾರೆ, ಆದರೆ ಬೆರಳುಗಳು ಮಡಚಿಕೊಂಡೇ ಇರುತ್ತವೆ. ಬಿಡಿಸಿ ಎಂದರೆ ತೋರುಬೆರಳು, ನಡುಬೆರಳು ಒಂದಿಷ್ಟು ಅಲುಗುತ್ತವೆ. ಬೆಳಿಗ್ಗೆ ಸಂಜೆ ರಬ್ಬರ್ ಚೆಂಡು ಹಿಸುಕಿಸುತ್ತೇವೆ, ಎಣ್ಣೆ ತಿಕ್ಕುತ್ತೇವೆ. ಊಟ, ಸ್ನಾನ, ಬಟ್ಟೆ ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಕತ್ತರಿ ಹಿಡಿಯುವ ಕೈ ಮತ್ತೆ ಬರುತ್ತದೆಯೇ?

ಉತ್ತರ (ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳ ಮೂಲಕ ಚಿಕಿತ್ಸೆ ಕೊಡುವವರು): ಮೊದಲು ಆ ಚೆಂಡನ್ನು ಮನೆಯ ಮಕ್ಕಳಿಗೆ ಆಡಲು ಕೊಟ್ಟುಬಿಡಿ. ನಿಮ್ಮ ತಂದೆಯ ಕೈ ಮುಚ್ಚುವುದನ್ನು ಮರೆತಿಲ್ಲ, ತೆರೆಯುವುದನ್ನು ಮರೆತಿದೆ. ಮಿದುಳಿನ ಹಿಡಿತ ಸಡಿಲವಾದಾಗ ಮಡಚುವ ಸ್ನಾಯುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಆ ಕೈಗೆ ಹಿಸುಕುವ ವ್ಯಾಯಾಮ ಕೊಡುವುದೆಂದರೆ ಉರಿಯುವ ಒಲೆಗೆ ಇನ್ನಷ್ಟು ಕಟ್ಟಿಗೆ ಒಟ್ಟಿದಂತೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಎರಡು ಬೆರಳು ಅಲುಗುತ್ತವೆ ಎಂಬ ಮಾತು. ತೋಳನ್ನು ಪಕ್ಕಕ್ಕೆ ಎತ್ತುವುದು, ಬೆರಳನ್ನು ಬಿಡಿಸುವುದು, ಇವೆರಡನ್ನೇ ನಾವು ಮೊದಲ ದಿನದಿಂದ ಹುಡುಕುವುದು. ಇವು ಕಂಡರೆ ಮಿದುಳಿನಿಂದ ಕೈಗೆ ಹೋಗುವ ದಾರಿ ಪೂರ್ತಿ ಮುಚ್ಚಿಲ್ಲ ಎಂದರ್ಥ. ಕತ್ತರಿಯ ನಾಜೂಕು ಹಿಡಿತದ ಬಗ್ಗೆ ಈಗಲೇ ಭರವಸೆ ಕೊಡಲಾರೆ. ಆದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಕೈ, ಚೊಂಬಿಗೆ ಆಸರೆಯಾಗುವ ಕೈ ಆಗಲಿ ಎಂದು ಈ ತಿಂಗಳುಗಳಲ್ಲಿ ಗಟ್ಟಿಯಾಗಿ ಪ್ರಯತ್ನಿಸಬೇಕು. ಮೊದಲ ಮೂರು ತಿಂಗಳಲ್ಲಿ ಸಿಗುವ ವೇಗ ಆಮೇಲೆ ಸುಲಭವಾಗಿ ಸಿಗುವುದಿಲ್ಲ.

ದರ್ಜಿಗೆ ವ್ಯಾಯಾಮದ ಸಾಮಾನು ಕೊಳ್ಳುವ ಅಗತ್ಯವೇ ಇಲ್ಲ. ಮೇಜಿನ ಮೇಲೆ ಬಟ್ಟೆ ಹಾಸಿ. ಬಲ ಅಂಗೈಯನ್ನು ಅದರ ಮೇಲೆ ಬಿಡಿಸಿ ಇರಿಸಿ, ಮುಂದಕ್ಕೂ ಪಕ್ಕಕ್ಕೂ ಜಾರಿಸುತ್ತಾ ಸುಕ್ಕು ತೆಗೆಯಲಿ. ಬಲಗೈ ಬಟ್ಟೆಯನ್ನು ಒತ್ತಿಹಿಡಿಯಲಿ, ಎಡಗೈ ಸೀಮೆಸುಣ್ಣದಿಂದ ಗೆರೆ ಎಳೆಯಲಿ. ದಾರದ ಉಂಡೆಯನ್ನು ಬಲಗೈಯಲ್ಲಿಟ್ಟು ಡಬ್ಬಿಯೊಳಗೆ ಬಿಡಲು ಹೇಳಿ. ಹಿಡಿಯುವುದಕ್ಕಿಂತ ಬಿಡುವುದೇ ಇಲ್ಲಿ ಪಾಠ. ಮಣಿಕಟ್ಟನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದರೆ ಬೆರಳು ಸುಲಭವಾಗಿ ಸಡಿಲುತ್ತದೆ, ಆರಂಭಕ್ಕೆ ಅದು ಸಾಕು. ಬೆರಳುಗಳನ್ನು ಬಲವಂತವಾಗಿ ಎಳೆದು ಬಿಡಿಸಬೇಡಿ, ಬಿಗಿತ ಹೆಚ್ಚುತ್ತದೆ.

ಎಷ್ಟು ಸಲ ಎಂದು ಎಲ್ಲರೂ ಕೇಳುತ್ತಾರೆ. ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೈಗೆ ಇಂಥ ಕೆಲಸ ಕೊಟ್ಟ ಚಿಕಿತ್ಸೆಯ ಅವಧಿಗಳಲ್ಲೂ ಒಂದು ಅವಧಿಗೆ ಕೈ ಮಾಡಿದ ಚಲನೆಗಳ ಸರಾಸರಿ ಸಂಖ್ಯೆ ಕೇವಲ 32. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಿದುಳು ಬದಲಾಗಲು ದಿನಕ್ಕೆ ನೂರಾರು ಸಲ ಬೇಕಾಯಿತು. ಅಂದರೆ ನಮ್ಮ ಬಳಿ ಕಳೆಯುವ ಮುಕ್ಕಾಲು ಗಂಟೆಗಿಂತ ಮನೆಯಲ್ಲಿ ಕಳೆಯುವ ಹಗಲು ಮುಖ್ಯ. ದಣಿವಾದರೆ ನಿಲ್ಲಿಸಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ಕೂರಿಸಿ.

ಎಣ್ಣೆ ತಿಕ್ಕುವುದರಿಂದ ಹಿತವಾಗಬಹುದು, ಬೇಡ ಎನ್ನುವುದಿಲ್ಲ. ಆದರೆ ಆಗ ಕೆಲಸ ಮಾಡುತ್ತಿರುವುದು ನಿಮ್ಮ ಕೈ, ಅವರದಲ್ಲ. ಎಲ್ಲವನ್ನೂ ನೀವೇ ಮಾಡಿಕೊಡುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಂಗಿಯ ತೋಳನ್ನು ಬಲಗೈಗೆ ಮೊದಲು ಏರಿಸಿಕೊಳ್ಳಲು ಅವರಿಗೇ ಬಿಡಿ. ಹದಿನೈದು ನಿಮಿಷ ಹಿಡಿಯಲಿ, ಮದುವೆಗೇನೂ ತಡವಾಗಿಲ್ಲವಲ್ಲ!

ಪ್ರಶ್ನೆ (ಮಂಡ್ಯದಿಂದ): ನಮ್ಮ ಅಣ್ಣನಿಗೆ ಭುಜ ವಿಪರೀತ ನೋವು. ಬಾಗಿಲಿಗೆ ರಾಟೆ ಕಟ್ಟಿ, ಒಳ್ಳೆಯ ಕೈಯಿಂದ ಹಗ್ಗ ಎಳೆದು ಬಿದ್ದ ಕೈಯನ್ನು ಮೇಲಕ್ಕೆತ್ತಿಸುತ್ತಿದ್ದೇವೆ.

ಉತ್ತರ: ಇಂದೇ ರಾಟೆ ಬಿಚ್ಚಿ. ಸ್ನಾಯು ಸೋತ ಭುಜದಲ್ಲಿ ತೋಳಿನ ಮೂಳೆ ಗೂಡಿನಿಂದ ಕೆಳಕ್ಕೆ ಜಾರಿರಬಹುದು. ಹೆಗಲ ಹಲಗೆ ಜೊತೆಗೆ ತಿರುಗದೆ ತೋಳನ್ನು ಮಾತ್ರ ಎತ್ತಿದರೆ ಒಳಗಿನ ಅಂಗಾಂಶ ಜಜ್ಜಿಹೋಗುತ್ತದೆ. ಕಂಕುಳಿಗೆ ಕೈಹಾಕಿ ಎಬ್ಬಿಸುವುದನ್ನೂ ನಿಲ್ಲಿಸಿ. ಕುಳಿತಾಗ ಮೊಣಕೈಯಿಂದ ಅಂಗೈವರೆಗೆ ದಿಂಬು ಇರಲಿ. ಕೈ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ಉರಿ ಎನ್ನುತ್ತಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ.

ಪ್ರಶ್ನೆ (ಶಿರಸಿಯಿಂದ): ನನಗೇ ಸ್ಟ್ರೋಕ್ ಆಗಿ ಎರಡು ವರ್ಷ. ಆರು ತಿಂಗಳ ನಂತರ ಏನೂ ಆಗುವುದಿಲ್ಲ ಎಂದರು. ಹೌದೇ?

ಉತ್ತರ: ಆ ಗಡುವನ್ನು ನಾನು ಒಪ್ಪುವುದಿಲ್ಲ. ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ನರರೋಗ ಆಸ್ಪತ್ರೆಯಲ್ಲಿ ಮೂರು ವಾರಗಳಲ್ಲಿ 90 ಗಂಟೆ ಕೈಗೆ ತರಬೇತಿ ಕೊಡುವ ಕಾರ್ಯಕ್ರಮ ನಡೆಸಿದರು. ಬಂದವರಲ್ಲಿ ಹೆಚ್ಚಿನವರಿಗೆ ಸ್ಟ್ರೋಕ್ ಆಗಿ ವರ್ಷ ದಾಟಿತ್ತು. 2019ರಲ್ಲಿ ಫಲಿತಾಂಶ ಪ್ರಕಟವಾದಾಗ ಅವರ ಕೈಯ ಬಳಕೆ ಸುಧಾರಿಸಿದ್ದು, ಆರು ತಿಂಗಳ ನಂತರವೂ ಉಳಿದಿದ್ದು ಕಂಡಿತು. ನಮ್ಮಲ್ಲಿ ಅಷ್ಟು ಗಂಟೆ ಕೊಡುವ ಜಾಗಗಳು ವಿರಳ, ಹಣವೂ ಬೇಕು. ಬಿಗಿತ ತುಂಬಾ ಇದ್ದರೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದಿನ ಬಗ್ಗೆ ನರರೋಗ ತಜ್ಞರನ್ನು ಕೇಳಿ. ಅದರ ಪರಿಣಾಮ ಸುಮಾರು ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಅಭ್ಯಾಸ ಮಾಡದಿದ್ದರೆ ಸಡಿಲವಾದ ಕೈ ಸಿಗುತ್ತದೆಯೇ ಹೊರತು ಕೆಲಸದ ಕೈಯಲ್ಲ.

ಹಾವೇರಿಯವರು ಮತ್ತೆ: ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಬಿದ್ದ ಕೈ ಬರುತ್ತದೆ ಎಂದು ಕೇಳಿದ್ದೇನೆ. ಅಪ್ಪನ ಎಡಗೈಯನ್ನು ಕಟ್ಟಬಹುದೇ?

ಉತ್ತರ: ಅಂಥ ಚಿಕಿತ್ಸೆ ಇದೆ. ಒಳ್ಳೆಯ ಕೈಗೆ ಗವಸು ತೊಡಿಸಿ, ದಿನಕ್ಕೆ ಹಲವು ಗಂಟೆ ಇನ್ನೊಂದು ಕೈಯಿಂದಲೇ ಕೆಲಸ ಮಾಡಿಸುವುದು. 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಪ್ರಯೋಜನವೂ ಕಂಡಿದೆ. ಆದರೆ ಮಣಿಕಟ್ಟು, ಬೆರಳುಗಳನ್ನು ಸ್ವಲ್ಪವಾದರೂ ಮೇಲೆತ್ತಬಲ್ಲವರನ್ನು ಮಾತ್ರ ಅದಕ್ಕೆ ಸೇರಿಸಿಕೊಂಡಿದ್ದರು. ಮನೆಯಲ್ಲೇ ನೋಡಿ: ಮೇಜಿನ ಮೇಲಿನ ಸಣ್ಣ ಟವೆಲನ್ನು ಬಲಗೈಯಿಂದ ಹೇಗಾದರೂ ಎತ್ತಿ, ಮತ್ತೆ ಬಿಡಲು ಬರುತ್ತದೆಯೇ? ಬಾರದಿದ್ದರೆ ಈಗ ಬೇಡ, ಸೋಲಿನ ಸಿಟ್ಟು ಮಾತ್ರ ಉಳಿಯುತ್ತದೆ. ಬಂದರೂ ಥೆರಪಿಸ್ಟ್ ನೋಡದೆ ಶುರು ಮಾಡಬೇಡಿ, ಏಕೆಂದರೆ ನಿಮ್ಮ ತಂದೆ ಕೋಲು ಹಿಡಿಯುವುದು ಎಡಗೈಯಲ್ಲಿ. ಗವಸು ತೊಡಿಸುವುದಾದರೆ ಕುಳಿತಿರುವಾಗ ಮಾತ್ರ, ಎದ್ದು ನಡೆಯುವ ಮೊದಲು ತೆಗೆಯಬೇಕು.