ಕಾಯಿನ್ ಸಿಲ್ವರ್ ಚಮಚದ ಮೇಲೆ ನೇರಳೆ ಕಲೆ, ಉಜ್ಜಿದಷ್ಟೂ ಜಾಸ್ತಿ ಆಗುತ್ತಿದೆ. ಇದು ಬೆಳ್ಳಿನಾ, ಬರೀ ಲೇಪನಾ?

ಮಲ್ಲಿಗೆ_ವೂಸ್ಟರ್

ಎಲ್ಲರಿಗೂ ನಮಸ್ಕಾರ. ನಾವು ಮ್ಯಾಸಚೂಸೆಟ್ಸ್‌ನಲ್ಲಿದ್ದೇವೆ. ಹೋದ ತಿಂಗಳು ನಮ್ಮ ಬೀದಿಯ ಒಂದು ಹಳೇ ಮನೆಯ ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ದರು. ಅಲ್ಲಿ ಆರು ಟೀ ಚಮಚ, ಒಂದು ದೊಡ್ಡ ಸೂಪ್ ಸೌಟು ತಗೊಂಡೆ. ಚಮಚದ ಹಿಡಿ ತುದಿ ಕಡೆ ಅಗಲವಾಗಿ ಪಿಟೀಲಿನ ಆಕಾರದಲ್ಲಿದೆ. ಹಿಂಬದಿಯಲ್ಲಿ ‘ಜೋನ್ಸ್, ಬಾಲ್ ಅಂಡ್ ಪೂರ್’, ‘ಬಾಸ್ಟನ್’, ‘ಪ್ಯೂರ್ ಕಾಯಿನ್’ ಅಂತ ಒತ್ತಿದ್ದಾರೆ. ಸೌಟಿನ ಮೇಲೆ ಯಾವ ಹೆಸರೂ ಇಲ್ಲ.

ತಂದಾಗ ಎಲ್ಲ ಕಪ್ಪಾಗಿತ್ತು. ಬಿಸಿನೀರು, ಅಡುಗೆ ಸೋಡ, ಅಲ್ಯೂಮಿನಿಯಂ ಹಾಳೆ ಹಾಕಿ ಅದ್ದಿದೆ. ಕಪ್ಪು ಹೋಯಿತು. ಆದರೆ ಮೂರು ಚಮಚದ ಬಟ್ಟಲಿನ ಒಳಗೆ ತಿಳಿ ನೇರಳೆ ಮಿಶ್ರಿತ ಬೂದಿ ಬಣ್ಣದ ಕಲೆ ಕಾಣಿಸಿತು, ಮೋಡ ಕಟ್ಟಿದ ಹಾಗೆ. ಅಮ್ಮ ಊರಿಂದ ಬಂದಿದ್ದಾರೆ. ಹುಣಸೆಹಣ್ಣು ಹಾಕಿ ತಿಕ್ಕಿದರು, ಆಮೇಲೆ ಹಲ್ಲುಪುಡಿ ಹಾಕಿ ತಿಕ್ಕಿದರು. ಕಲೆ ಹೋಗಲಿಲ್ಲ, ಇನ್ನೂ ದೊಡ್ಡದಾದ ಹಾಗಿದೆ. ಒಂದು ಆಭರಣದ ಅಂಗಡಿಗೆ ತೋರಿಸಿದರೆ, 925 ಅಂತ (ಸಾವಿರಕ್ಕೆ 925 ಪಾಲು ಬೆಳ್ಳಿ ಅನ್ನುವ ಮುದ್ರೆ) ಇಲ್ಲ, ಲೇಪ ಹೋಗಿ ಒಳಗಿನ ತಾಮ್ರ ಕಾಣುತ್ತಿದೆ ಅಂದುಬಿಟ್ಟರು. ತುಂಬಾ ಬೇಜಾರಾಯಿತು. ಮೋಸ ಹೋದೆನಾ?

ಹಳೇಬೆಳ್ಳಿ_ಬಾಲ್ಟಿಮೋರ್

ಮೊದಲು ಉಜ್ಜುವುದನ್ನು ನಿಲ್ಲಿಸಿ ಮೇಡಂ. ಇವತ್ತೇ ನಿಲ್ಲಿಸಿ.

925 ಇಲ್ಲ ಅಂದರೆ ಬೆಳ್ಳಿಯೇ ಅಲ್ಲ ಅನ್ನುವ ಮಾತು ಈ ಕಾಲದ ಚಮಚಕ್ಕೆ ಸರಿ, ನಿಮ್ಮ ಚಮಚ ಮಾಡಿದ 1840ರ ದಶಕದ್ದಕ್ಕೆ ಅಲ್ಲ. ಅಮೆರಿಕದಲ್ಲಿ ಆಗ ಹೇಳಿಕೊಳ್ಳುವಂಥ ಬೆಳ್ಳಿ ಗಣಿ ಇರಲಿಲ್ಲ. ಜನ ತಮ್ಮಲ್ಲಿದ್ದ ನಾಣ್ಯವನ್ನೇ ಅಕ್ಕಸಾಲಿಗನಿಗೆ ಕೊಟ್ಟು ಚಮಚ ಮಾಡಿಸುತ್ತಿದ್ದರು. ಸ್ಪೇನ್ ದೇಶದ ಬೆಳ್ಳಿ ಡಾಲರ್ ಇಲ್ಲಿ 1857ರವರೆಗೂ ಕಾನೂನುಬದ್ಧವಾಗಿ ಚಲಾವಣೆಯಲ್ಲಿತ್ತು. ನಮ್ಮ ಅಜ್ಜಿಯಂದಿರು ಬೆಳ್ಳಿ ರೂಪಾಯಿ ಕರಗಿಸಿ ಕಾಲುಗೆಜ್ಜೆ ಮಾಡಿಸುತ್ತಿದ್ದರಲ್ಲ, ಅದೇ ಲೆಕ್ಕ. ಬ್ರಿಟಿಷರ ಕಾಲದ ಆ ರೂಪಾಯಿಯಲ್ಲಿ 12ಕ್ಕೆ 11 ಪಾಲು ಬೆಳ್ಳಿ. ಇಲ್ಲಿನ ನಾಣ್ಯದಲ್ಲಿ ಮೊದಲು ಸಾವಿರಕ್ಕೆ 892 ಚಿಲ್ಲರೆ ಪಾಲು ಇತ್ತು, 1837ರ ಕಾನೂನು ಬಂದಮೇಲೆ 900 ಆಯಿತು. ‘ಪ್ಯೂರ್ ಕಾಯಿನ್’ ಅಂದರೆ ನಾಣ್ಯದಷ್ಟು ಶುದ್ಧ ಅಂತ ಅರ್ಥ. 925ರ ಸ್ಟರ್ಲಿಂಗ್ ಇಲ್ಲಿ ರೂಢಿಗೆ ಬಂದಿದ್ದು ತಡವಾಗಿ. ಇಲ್ಲಿಯ ಹೆಸರಾಂತ ಬೆಳ್ಳಿ ಸಾಮಾನಿನ ಕಂಪನಿಗಳಲ್ಲಿ ಟಿಫನಿಯವರು 1851ರಲ್ಲಿ, ಗೋರಮ್‌ನವರು 1868ರಲ್ಲಿ ಅದಕ್ಕೆ ಬದಲಾದರು. ನಿಮ್ಮ ಚಮಚದ ಮೇಲಿರುವ ಹೆಸರು 1840ರ ದಶಕದ ಕೊನೆಯ ಬಾಸ್ಟನ್ನಿನದು. ಅದೇ ಅಂಗಡಿ ಕೈ ಬದಲಾಗುತ್ತಾ ಬಂದು ಮುಂದೆ ಶ್ರೀವ್, ಕ್ರಂಪ್ ಅಂಡ್ ಲೋ ಆಯಿತು. ಅದರಲ್ಲಿ 925 ಹುಡುಕಿದರೆ ಹೇಗೆ ಸಿಗುತ್ತದೆ?

ಕಲೆ ಬಗ್ಗೆ ನನಗೊಂದು ಅನುಮಾನ ಇದೆ. ಹೇಳುವ ಮುಂಚೆ ಎರಡು ವಿಷಯ ನೋಡಿ ತಿಳಿಸಿ. ಕಲೆ ಚಮಚದ ಯಾವ ಜಾಗದಲ್ಲಿದೆ, ಮೇಜಿಗೆ ತಾಗುವ ಜಾಗದಲ್ಲೋ ಅಥವಾ ಏನೂ ತಾಗದ ತಗ್ಗಿನಲ್ಲೋ? ಮತ್ತೆ, ಕಿಟಕಿ ಹತ್ತಿರ ಬಿಳಿ ಹಾಳೆ ಹಿಡಿದು ಅದರ ನೆರಳು ಚಮಚದ ಮೇಲೆ ಬೀಳುವ ಹಾಗೆ ಮಾಡಿದರೆ ಕಲೆಯ ಅಂಚು ಹೇಗೆ ಕಾಣುತ್ತದೆ?

ಎಡಿಸನ್_ಕಿಟ್ಟಿ

ಮಲ್ಲಿಗೆ ಅಕ್ಕ, ನಾನಂತೂ ಬೆಳ್ಳಿ ದೀಪಕ್ಕೆ ಟೂತ್‌ಪೇಸ್ಟ್ ಹಚ್ಚುತ್ತೇನೆ, ಫಳಫಳ ಅನ್ನುತ್ತದೆ. ಒಂದು ಸಲ ಬಫಿಂಗ್ ಚಕ್ರಕ್ಕೆ (ಯಂತ್ರದಲ್ಲಿ ತಿರುಗಿಸಿ ಹೊಳಪು ಕೊಡುವುದು) ಕೊಟ್ಟು ನೋಡಿ.

ಹಾಗೇ ಒಂದು ಪ್ರಶ್ನೆ. ನನ್ನ ಹತ್ತಿರ ‘1847 ರಾಜರ್ಸ್ ಬ್ರದರ್ಸ್’ ಅಂತ ಇರುವ ಇಡೀ ಸೆಟ್ ಇದೆ. ಅದೂ ಇದೇ ಕಾಲದ್ದು ಅಲ್ವಾ?

ಹಳೇಬೆಳ್ಳಿ_ಬಾಲ್ಟಿಮೋರ್

ಕಿಟ್ಟಿ, ದಯವಿಟ್ಟು ಬಫಿಂಗ್ ಅಂತ ಯಾರಿಗೂ ಹೇಳಬೇಡಿ. ಕೈಯಲ್ಲಿ ಕೆತ್ತಿದ ಅಕ್ಷರ ಆ ಚಕ್ರಕ್ಕೆ ಕೊಟ್ಟರೆ ಒಂದೇ ನಿಮಿಷದಲ್ಲಿ ಸವೆದುಹೋಗುತ್ತದೆ. ಮತ್ತೆ ಬರುವುದಿಲ್ಲ. ಟೂತ್‌ಪೇಸ್ಟ್‌ನಲ್ಲಿ ಇರುವ ಪುಡಿ ಹಲ್ಲಿನಷ್ಟು ಗಟ್ಟಿ ವಸ್ತುವಿಗೆ ಮಾಡಿದ್ದು, ಬೆಳ್ಳಿ ಹಲ್ಲಿಗಿಂತ ಮೆದು. ಗೀರು ಬೀಳುತ್ತದೆ.

ನಿಮ್ಮ ಸೆಟ್ಟಿನಲ್ಲಿರುವ 1847 ವರ್ಷ ಅಲ್ಲ, ಬ್ರಾಂಡಿನ ಹೆಸರಿನ ಭಾಗ. ಇಪ್ಪತ್ತನೇ ಶತಮಾನದಲ್ಲಿ ಮಾಡಿದ್ದರ ಮೇಲೂ ಅದೇ ಸಂಖ್ಯೆ ಇರುತ್ತದೆ. ಅದು ಲೇಪ. ಊಟಕ್ಕೆ ಚೆನ್ನಾಗಿ ಬಳಸಿ, ಕಾಯಿನ್ ಸಿಲ್ವರ್ ಬೆಲೆಗೆ ಮಾತ್ರ ಕೊಳ್ಳಬೇಡಿ.

ಮಲ್ಲಿಗೆ_ವೂಸ್ಟರ್

ಸರ್, ನೋಡಿದೆ. ಕಲೆ ಬಟ್ಟಲಿನ ಒಳಗೆ ನಡುಮಧ್ಯದಲ್ಲಿದೆ, ಒಂದರಲ್ಲಿ ಹಿಡಿಯ ಕುತ್ತಿಗೆ ಹತ್ತಿರ ಇದೆ. ಮೇಜಿಗೆ ತಾಗುವ ಜಾಗದಲ್ಲಿ ಬೆಳ್ಳಗೇ ಇದೆ. ಬಿಳಿ ಹಾಳೆ ಹಿಡಿದಾಗ ಅಂಚು ಸ್ಪಷ್ಟವಾಗಿ ಕಂಡಿತು, ಭೂಪಟದಲ್ಲಿ ಕೆರೆ ಬರೆದ ಹಾಗೆ. ಬಲ್ಬಿನ ಕೆಳಗೆ ನೇರ ಹಿಡಿದರೆ ಕಲೆ ಕಾಣುವುದೇ ಇಲ್ಲ.

ಹಳೇಬೆಳ್ಳಿ_ಬಾಲ್ಟಿಮೋರ್

ಹಾಗಾದರೆ ಸಮಾಧಾನ ಮಾಡಿಕೊಳ್ಳಿ. ಇದು ಬೆಂಕಿಕಲೆ. ಇಲ್ಲಿಯ ಕೆಲಸದವರು ಫೈರ್‌ಸ್ಕೇಲ್ ಅನ್ನುತ್ತಾರೆ.

ಲೇಪ ಸವೆಯುವುದು ಯಾವಾಗಲೂ ತಿಕ್ಕಾಟ ಇರುವ ಕಡೆ. ಬಟ್ಟಲಿನ ಹಿಂಬದಿಯ ಉಬ್ಬು, ಬಾಯಿಗೆ ಹೋಗುವ ತುದಿ, ಮೇಜಿನ ಮೇಲೆ ಕೂರುವ ಹಿಡಿಯ ಭಾಗ, ಇಲ್ಲಿ ಮೊದಲು ಹೋಗುತ್ತದೆ. ಅಂಚು ಸ್ಪಷ್ಟ ಇರುವುದಿಲ್ಲ, ನಿಧಾನವಾಗಿ ಬಣ್ಣ ಕರಗಿ ಹಳದಿಗೋ ಮಂಕು ಬೂದಿಗೋ ತಿರುಗುತ್ತದೆ. ನಿಮ್ಮದರಲ್ಲಿ ಎಲ್ಲ ಉಲ್ಟಾ.

ಬೆಂಕಿಕಲೆ ಬರುವುದು ಚಮಚ ಮಾಡಿದ ದಿನವೇ. ಬೆಳ್ಳಿಯನ್ನು ಬಡಿಯುತ್ತಾ ಹೋದರೆ ಅದು ಬಿರುಸಾಗುತ್ತದೆ, ಮತ್ತೆ ಮೆದು ಮಾಡಲು ಕೆಂಪಗೆ ಕಾಯಿಸಬೇಕು. ಹಾಗೆ ಕಾಯಿಸಿದಾಗಲೆಲ್ಲ ಗಾಳಿಯ ಆಮ್ಲಜನಕ ಲೋಹದ ಒಳಗೆ ಇಳಿದು ಅಲ್ಲಿರುವ ತಾಮ್ರವನ್ನು ಹಿಡಿಯುತ್ತದೆ. ನೂರರಲ್ಲಿ ಹತ್ತು ಪಾಲು ತಾಮ್ರ ಇರುವ ಬೆಳ್ಳಿ ಅಲ್ವಾ, ಹಿಡಿಯಲು ಬೇಕಾದಷ್ಟಿದೆ. ಆಮೇಲೆ ಆಮ್ಲದಲ್ಲಿ ಅದ್ದಿದರೆ ಮೇಲ್ಮೈಯ ತಾಮ್ರ ಕರಗಿ, ತುಂಬಾ ತೆಳುವಾದ ಶುದ್ಧ ಬೆಳ್ಳಿಯ ಚರ್ಮ ಉಳಿಯುತ್ತದೆ. ಕೆಳಗಿನ ಕಲೆ ಮುಚ್ಚಿಹೋಗುತ್ತದೆ. ನೂರೈವತ್ತು ವರ್ಷಕ್ಕಿಂತ ಹೆಚ್ಚು ಕಾಲ ಯಾರ್ಯಾರೋ ಉಜ್ಜಿ ಉಜ್ಜಿ ಆ ಚರ್ಮ ಸವೆದಾಗ ಕಲೆ ಹೊರಗೆ ಬರುತ್ತದೆ. ಅದಕ್ಕೇ ಅಮ್ಮ ತಿಕ್ಕಿದಷ್ಟೂ ದೊಡ್ಡದಾಯಿತು. ಸೋಡ, ಅಲ್ಯೂಮಿನಿಯಂ ಹಾಳೆ ಗಂಧಕದ ಕಪ್ಪನ್ನು ಮಾತ್ರ ತೆಗೆಯುತ್ತವೆ. ಇದು ಒಳಗಿನ ತಾಮ್ರದ ಆಕ್ಸೈಡ್, ಅವು ಮುಟ್ಟುವುದೇ ಇಲ್ಲ.

ಇದನ್ನು ತೆಗೆಯಬೇಕು ಅಂದರೆ ಕಲೆಯ ಆಳದವರೆಗೂ ಬೆಳ್ಳಿಯನ್ನೇ ಕೆರೆದು ತೆಗೆಯಬೇಕು. ಮಾಡಬೇಡಿ. ನನ್ನ ಕಣ್ಣಿಗೆ ಈ ಕಲೆ ಚೆಂದವೇ. ಅದು ಕುಲುಮೆಯ ಗುರುತು.

ಮನಸ್ಸಿಗೆ ಪೂರ್ತಿ ಖಾತ್ರಿ ಬೇಕು ಅಂದರೆ ಆಮ್ಲ ಹಾಕಿ ಒರೆ ಹಚ್ಚುವುದು ಬೇಡ, ನೀರಿನಲ್ಲಿ ತೂಗಿ. 0.01 ಗ್ರಾಂ ತೋರಿಸುವ, 500 ಗ್ರಾಂ ತಡೆಯುವ ಚಿಕ್ಕ ತಕ್ಕಡಿ ಸಾಕು. ಚಮಚವನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ಆಮೇಲೆ ಒಂದು ಹಗುರ ಪ್ಲಾಸ್ಟಿಕ್ ಪಾತ್ರೆಯಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಚಮಚವನ್ನು ತೆಳು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗುವ ಹಾಗೆ ಕೈಯಲ್ಲಿ ಹಿಡಿಯಿರಿ. ತಳಕ್ಕೂ ಗೋಡೆಗೂ ತಾಗಬಾರದು. ಆಗ ತೋರಿಸುವ ಸಂಖ್ಯೆಯಿಂದ ಮೊದಲಿನ ತೂಕವನ್ನು ಭಾಗಿಸಿ. ಬರುವ ಉತ್ತರ ಆ ಲೋಹ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವುದು. ಕಾಯಿನ್ ಸಿಲ್ವರ್ ಆದರೆ 10.3ರ ಆಸುಪಾಸು ಬರಬೇಕು. ಜರ್ಮನ್ ಸಿಲ್ವರ್ ಆದರೆ 8.7ರ ಹತ್ತಿರ. ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ, ತಾಮ್ರ, ನಿಕ್ಕಲ್, ಸತು ಅಷ್ಟೇ. ಇಲ್ಲಿಯ ಹಳೇ ಲೇಪದ ಚಮಚಗಳ ಒಳಗೆ ಬಹಳ ಸಲ ಇರುವುದು ಅದೇ.

ಮಲ್ಲಿಗೆ_ವೂಸ್ಟರ್

ಮಾಡಿದೆ ಸರ್, ಆದರೆ ಕೈ ನಡುಗಿತು. ಒಣ ತೂಕ 18.60 ಗ್ರಾಂ. ನೀರಿನಲ್ಲಿ 2.40 ತೋರಿಸಿತು. ಭಾಗಿಸಿದರೆ 7.75. ಇದು ಜರ್ಮನ್ ಸಿಲ್ವರ್‌ಗಿಂತಲೂ ಕಡಿಮೆ ಅಲ್ವಾ?

ಅಕ್ಕಸಾಲಿ_ಮನೆಯವ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮದು ಅಕ್ಕಸಾಲಿಗರ ಮನೆತನ, ಶಿವಮೊಗ್ಗ ಕಡೆ, ಈಗ ಇಲ್ಲಿ ರಿಪೇರಿ ಕೆಲಸ ಮಾಡುತ್ತೇನೆ. 7.75 ನಂಬಬೇಡಿ ಅಕ್ಕ. ಚಮಚದ ತುದಿ ತಳಕ್ಕೆ ತಾಗಿದೆ, ಇಲ್ಲಾಂದರೆ ಬಟ್ಟಲಿನ ಕೆಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದೆ. ಎರಡರಲ್ಲಿ ಯಾವುದಾದರೂ ನೀರಿನ ಸಂಖ್ಯೆ ಜಾಸ್ತಿ ಆಗುತ್ತದೆ, ಉತ್ತರ ಕಡಿಮೆ ಬರುತ್ತದೆ. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ. ಚಮಚವನ್ನು ನೀರಲ್ಲಿ ಒಮ್ಮೆ ಅಲ್ಲಾಡಿಸಿ, ಬಟ್ಟಲಿನ ಬಾಯಿ ಮೇಲೆ ಮುಖ ಮಾಡಿರಲಿ. ಮೂರು ಸಲ ತೂಗಿ.

ಮಲ್ಲಿಗೆ_ವೂಸ್ಟರ್

ಪಾತ್ರೆ ಬದಲಾಯಿಸಿದೆ, ಮೊದಲಿನದು ಗಿಡ್ಡ ಇತ್ತು, ಹಿಡಿ ತಳ ಮುಟ್ಟುತ್ತಿತ್ತು. ಈಗ ಮೂರು ಸಲವೂ 1.80, 1.81, 1.81. ಉತ್ತರ 10.28! ಉಳಿದ ಐದೂ 10.2 ರಿಂದ 10.4ರ ಒಳಗೆ ಬಂದವು. ಅಮ್ಮನಿಗೆ ಹೇಳಿದೆ, ಅವರಿಗೂ ಜೀವ ಬಂದ ಹಾಗಾಯಿತು.

ಇದರಿಂದ 900ನಾ 925ನಾ ಅಂತಲೂ ಗೊತ್ತಾಗುತ್ತದಾ?

ಹಳೇಬೆಳ್ಳಿ_ಬಾಲ್ಟಿಮೋರ್

ಇಲ್ಲ. ನಿಮ್ಮ ಚಮಚದ ತೂಕಕ್ಕೆ ಆ ಎರಡರ ನಡುವೆ ನೀರಿನ ಸಂಖ್ಯೆಯಲ್ಲಿ ಬರುವ ವ್ಯತ್ಯಾಸ 0.01 ಗ್ರಾಂಗಿಂತ ಕಡಿಮೆ, ತಕ್ಕಡಿಗೆ ಕಾಣುವುದೇ ಇಲ್ಲ. ಅದಕ್ಕೆ ಎಕ್ಸ್‌ರೇ ಯಂತ್ರ ಬೇಕು. ಆದರೆ ಜರ್ಮನ್ ಸಿಲ್ವರ್ ಅಲ್ಲ ಅನ್ನುವುದಂತೂ ಖಂಡಿತ, ಅದಾಗಿದ್ದರೆ 2.14 ತೋರಿಸಬೇಕಿತ್ತು. ಉಳಿದಿದ್ದನ್ನು ಮುದ್ರೆ, ಆಕಾರ, ಕೆಲಸದ ರೀತಿ ಹೇಳುತ್ತವೆ. ಅಮೆರಿಕದಲ್ಲಿ ಇಂಗ್ಲೆಂಡಿನ ಹಾಗೆ ಸರ್ಕಾರಿ ಪರೀಕ್ಷೆಯ ಮುದ್ರೆ ಇರಲಿಲ್ಲ. ನಮ್ಮ ಬಾಲ್ಟಿಮೋರ್‌ನಲ್ಲಿ ಮಾತ್ರ 1814ರಿಂದ 1830ರವರೆಗೆ ಒಂದು ಪರೀಕ್ಷಾ ಕಚೇರಿ ಇತ್ತು. ಬೇರೆ ಕಡೆ ಸಿಂಹ, ತಲೆ, ನಕ್ಷತ್ರ ಒತ್ತಿದ್ದು ಕಂಡರೆ ಅದು ಬಹಳ ಸಲ ಇಂಗ್ಲಿಷ್ ಮುದ್ರೆಯ ಅನುಕರಣೆ, ಅದನ್ನು ನೋಡಿ ಜಾಸ್ತಿ ದುಡ್ಡು ಕೊಡಬೇಡಿ.

ಮಲ್ಲಿಗೆ_ವೂಸ್ಟರ್

ಇನ್ನು ಸೌಟು. ಬಟ್ಟಲೂ ಹಿಡಿಯೂ ಸೇರುವ ಕಡೆ ಬೂದಿ ಬಣ್ಣದ ಉಂಡೆ ಇದೆ, ಯಾರೋ ಹಿಂದೆ ರಿಪೇರಿ ಮಾಡಿಸಿದ್ದಾರೆ. ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತದೆ. ಸ್ವಲ್ಪ ಅಲ್ಲಾಡುತ್ತದೆ ಕೂಡ. ಅದೇ ಅಂಗಡಿಯವರು ಕಾಯಿಸಿ ಬೆಳ್ಳಿ ಬೆಸುಗೆ ಹಾಕಿ ಕೊಡುತ್ತೇವೆ ಅಂದಿದ್ದಾರೆ. ಯುಗಾದಿಗೆ ಸಾರು ಬಡಿಸಲು ಇದನ್ನೇ ಇಡಬೇಕು ಅಂತ ಆಸೆ.

ಅಕ್ಕಸಾಲಿ_ಮನೆಯವ

ಅಕ್ಕ, ಕೊಡಬೇಡಿ. ಉಗುರಿಗೆ ಗೀರು ಬೀಳುತ್ತದೆ ಅಂದರೆ ಅದು ಸೀಸ ಬೆರೆತ ಬೆಸುಗೆ. ಬೆಳ್ಳಿ ಬೆಸುಗೆ ಕರಗಬೇಕು ಅಂದರೆ 600 ಡಿಗ್ರಿ ದಾಟಿ ಕಾಯಿಸಬೇಕು. ಅಲ್ಲಿ ಸೀಸ ಇದ್ದರೆ ಅಷ್ಟು ಬಿಸಿಗೆ ಅದು ಬೆಳ್ಳಿಯನ್ನೇ ತಿಂದುಹಾಕುತ್ತದೆ. ತೂತು ಬೀಳುತ್ತದೆ. ಹಾಗೆ ಹಾಳಾಗಿ ಬಂದ ಎರಡು ಸಕ್ಕರೆ ಇಕ್ಕಳ ನನ್ನ ಮೇಜಿನ ಮೇಲಿವೆ, ಈಗ ನೋಡಿದರೂ ಹೊಟ್ಟೆ ಉರಿಯುತ್ತದೆ. ಸೀಸವನ್ನು ಒಂದು ಚೂರೂ ಬಿಡದೆ ಕೈಯಲ್ಲಿ ಕೆರೆದು ತೆಗೆದ ಮೇಲೆಯೇ ಬೆಂಕಿ ತೋರಿಸಬೇಕು. ಹಳೇ ಬೆಳ್ಳಿ ಕೆಲಸ ಗೊತ್ತಿರುವವರನ್ನು ಹುಡುಕಿ, ‘ಮೊದಲು ಸೀಸ ಹೇಗೆ ತೆಗೆಯುತ್ತೀರಿ’ ಅಂತ ಕೇಳಿ. ಉತ್ತರ ತಕ್ಷಣ ಬರದಿದ್ದರೆ ವಾಪಸ್ ತಗೊಂಡು ಬನ್ನಿ.

ಸಾರು ಮಾತ್ರ ಬೇಡವೇ ಬೇಡ. ಹುಣಸೆ ಹುಳಿಗೆ ಸೀಸ ಬಿಡುತ್ತದೆ. ಮಕ್ಕಳು ಉಣ್ಣುವ ಊಟ. ರಿಪೇರಿ ಆಗುವವರೆಗೆ ಗಾಜಿನ ಕಪಾಟಿನಲ್ಲಿರಲಿ.

ಹಳೇಬೆಳ್ಳಿ_ಬಾಲ್ಟಿಮೋರ್

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಚಮಚಗಳನ್ನು ಧಾರಾಳವಾಗಿ ಬಳಸಿ, ದಿನಾ ಬಳಸುವ ಬೆಳ್ಳಿ ಕಪ್ಪಾಗುವುದು ಕಡಿಮೆ. ಬಳಸಿದ ಕೂಡಲೇ ಕೈಯಲ್ಲಿ ತೊಳೆದು ಒರೆಸಿ, ಡಿಶ್‌ವಾಷರ್‌ಗೆ ಹಾಕಬೇಡಿ. ಉಪ್ಪಿನಕಾಯಿ ಜಾಡಿಯಲ್ಲಿ ಬಿಡಬೇಡಿ, ಉಪ್ಪು ಗುಳಿ ತೋಡುತ್ತದೆ. ಮೊಟ್ಟೆಗೂ ಬೇಡ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರೆ ಅದರ ಗಂಧಕ ಕಪ್ಪು ಗೆರೆ ಮೂಡಿಸುತ್ತದೆ. ತೊಳೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮುಂದೆ ಕಪ್ಪು ಬಂದರೆ ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿಯನ್ನು ನೀರಲ್ಲಿ ಕಲಸಿ ಹತ್ತಿಯಲ್ಲಿ ಹಗುರವಾಗಿ ಒರೆಸಿದರೆ ಸಾಕು. ಶಾಲೆಯ ಬೋರ್ಡಿನ ಚಾಕ್ ಬೇಡ. ಕೆತ್ತನೆಯ ಗೆರೆಯೊಳಗಿನ ಕಪ್ಪು ಹಾಗೇ ಇರಲಿ, ಅದಿದ್ದರೇ ಅಕ್ಷರ ಎದ್ದು ಕಾಣುವುದು. ಸೋಡ ನೀರಲ್ಲಿ ಪದೇ ಪದೇ ಅದ್ದಿದರೆ ಅದೂ ಹೋಗಿ ಚಮಚ ಪೇಲವ ಆಗುತ್ತದೆ.

ಆರೂ ಚಮಚದ ಹಿಡಿಯ ಮೇಲೆ ಬಾಯಿಂದ ಹಬೆ ಬಿಟ್ಟು ನೋಡಿ. ಅಳಿಸಿದ ಹಳೇ ಅಕ್ಷರ ಇದ್ದರೆ ಒಂದು ಕ್ಷಣ ಮೂಡುತ್ತದೆ.

ಮಲ್ಲಿಗೆ_ವೂಸ್ಟರ್

ಸೌಟನ್ನು ಅಂಗಡಿಯಿಂದ ವಾಪಸ್ ತಂದೆ, ಇನ್ನೂ ಕಾಯಿಸಿರಲಿಲ್ಲ, ಪುಣ್ಯ. ಇಬ್ಬರಿಗೂ ತುಂಬಾ ಉಪಕಾರ ಆಯಿತು. ಯುಗಾದಿಗೆ ಪಾಯಸದ ಬಟ್ಟಲಿಗೆ ಈ ಆರು ಚಮಚ ಇಡುತ್ತೇನೆ.

ಹಬೆ ಬಿಟ್ಟೆ ಸರ್. ಐದರಲ್ಲಿ ಏನೂ ಇಲ್ಲ. ಆರನೆಯದರಲ್ಲಿ ಈಗಿರುವ ‘ಎಂ’ ಅಕ್ಷರದ ಕೆಳಗೆ ಇನ್ನೊಂದು ಅಕ್ಷರದ ಬಾಲ ಕಂಡು ಮಾಯವಾಯಿತು. ಅಮ್ಮನೂ ನೋಡಿದರು.

ಹಳೇಬೆಳ್ಳಿ_ಬಾಲ್ಟಿಮೋರ್

ಆ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ಉಳಿದವುಗಳ ಜೊತೆ ಹೋಲಿಸಿ, ಅಲ್ಲಿ ತೆಳುವಾಗಿದೆಯಾ? ಓರೆ ಬೆಳಕಿನಲ್ಲಿ ಫೋಟೋ ತೆಗೆದು ಇಲ್ಲೇ ಹಾಕಿ. ಮೊದಲಿನ ಮನೆಯವರ ಅಕ್ಷರ ಏನಿತ್ತು ಅಂತ ಓದೋಣ.